ಚಪಾತಿ ಬಿಟ್ಟರೆ ನಿದ್ದೆ ಬಂದೀತೆ?

ಸೊಲ್ಲಾಪುರ: ಅಕ್ಕಲಕೋಟೆ, ಜತ್ತ, ಮಂಗಳವೇಢೆ ಕಡೆಯ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ. ‘ಚಪಾತಿ ಬಿಟ್ಟೀನ್ರೀ, ರಾತ್ರಿ ಛಲೋ ನಿದ್ದಿ ಹತ್ತಲಿಕ್ಕತ್ತದ’ ಎನ್ನುವವರು ಒಬ್ಬರಾದರೆ, ‘ಮುಂಜಾನಿ ಏಳೂದ್ರಾಗ ಮೈ ಹಗೂರ ಅನಸ್ತದ’ ಎನ್ನುವವರು ಇನ್ನೊಬ್ಬರು. ಗೋಧಿ ಬಿಟ್ಟ ಮೇಲೆ ಕನಸು ಹೆಚ್ಚಾದವು, ಅದೂ ಸಿನಿಮಾ ನೋಡಿದ ಹಾಗೆ ಬೀಳುತ್ತವೆ ಎಂದು ಬೆರಗುಪಡುವವರೂ ಇದ್ದಾರೆ. ಪುಣೆ, ಬೆಂಗಳೂರಿನಲ್ಲಿ ನೌಕರಿಗೆ ಇರುವ ಮಕ್ಕಳು ಫೋನಿಗೆ ಕಳಿಸುವ ಸಂದೇಶಗಳಿಂದ ‘ಗ್ಲುಟೆನ್ ಫ್ರೀ’ ಎಂಬ ಶಬ್ದ ನಮ್ಮ ಹಳ್ಳಿ ಕಟ್ಟೆಗೂ ಬಂದು ಕೂತಿದೆ.

ತಮಾಷೆ ಎಂದರೆ, ಈ ಶಬ್ದ ಗೊತ್ತಿಲ್ಲದೆಯೇ ಈ ಸೀಮೆಯ ಜನ ತಲೆತಲಾಂತರದಿಂದ ಗ್ಲುಟೆನ್ ಇಲ್ಲದ ಊಟವನ್ನೇ ಉಂಡವರು. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಮಂಗಳವಾಡ, ಅಂದರೆ ಇಂದಿನ ಮಂಗಳವೇಢೆ, ಜೋಳದ ಕಣಜ ಎಂದೇ ಹೆಸರಾದ ಊರು. ಅಲ್ಲಿನ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಡಿಯ ಆಚೆ ಈಚೆ ಎರಡೂ ಕಡೆ ರೈತರು ಇಂದಿಗೂ ಬಿತ್ತುವ ಮಾಲದಂಡಿ ಎಂ 35-1 ತಳಿಯನ್ನು 1930ರ ದಶಕದಲ್ಲಿ ಆರಿಸಿ ತೆಗೆದದ್ದು ಇದೇ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ಜೋಳ, ಸಜ್ಜೆ, ನವಣೆ, ಅಕ್ಕಿ, ಗೋವಿನಜೋಳ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ರಾಯದುರ್ಗ, ಮಡಕಶಿರಾ, ಹೊಸೂರು, ತಾಳವಾಡಿಯ ರಾಗಿ ಮುದ್ದೆಯಲ್ಲಿಲ್ಲ. ಕಾಸರಗೋಡಿನ ಕುಚ್ಚಲಕ್ಕಿ ಗಂಜಿಯಲ್ಲೂ ಇಲ್ಲ.

ತಾಟು ಬದಲಾದದ್ದು ನಿಧಾನಕ್ಕೆ. ರೇಷನ್ ಅಂಗಡಿಯಲ್ಲಿ ಗೋಧಿ ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಮೇಲೆ ಅದು ಇನ್ನೂ ಅಗ್ಗವಾಯಿತು, 2023ರಿಂದ ಪುಕ್ಕಟೆಯೇ ಆಯಿತು. ರೊಟ್ಟಿ ಬಡಿಯಲು ಕಸುವು ಬೇಕು, ಕಲಿಕೆ ಬೇಕು. ಚಪಾತಿ ಲಟ್ಟಿಸುವುದು ಸುಲಭ, ಡಬ್ಬಿಗೆ ಕಟ್ಟಲೂ ಅನುಕೂಲ. ಮುಂಜಾನೆ ಚಹಾದ ಜೊತೆ ಟೋಸ್ಟು, ಖಾರಿ. ಹತ್ತು ಗಂಟೆಗೆ ಉಪ್ಪಿಟ್ಟು. ಮಧ್ಯಾಹ್ನ ಚಪಾತಿ, ಸಂಜೆ ಬಿಸ್ಕೀಟು, ರಾತ್ರಿ ಮತ್ತೆ ಚಪಾತಿ. ಲೆಕ್ಕ ಹಾಕಿದರೆ ದಿನಕ್ಕೆ ಐದು ಸಲ ಗೋಧಿ ಹೊಟ್ಟೆಗೆ ಹೋಗುವ ಮನೆಗಳು ಈಗ ಅಪರೂಪವಲ್ಲ.

ಹಾಗಾದರೆ ಗೋಧಿ ಬಿಟ್ಟವರಿಗೆ ನಿದ್ದೆ ಬಂದದ್ದು ನಿಜವೇ? ಕೆಲವರಿಗೆ ನೂರಕ್ಕೆ ನೂರು ನಿಜ. ಬಹಳ ಜನರಿಗೆ ನಿದ್ದೆ ಬಂದದ್ದು ನಿಜ, ಕಾರಣ ಮಾತ್ರ ಬೇರೆ. ಈ ವ್ಯತ್ಯಾಸ ತಿಳಿಯದೆ ಚಪಾತಿ ಬಿಡುವುದರಲ್ಲಿ ಒಂದು ಅಪಾಯವೂ ಇದೆ.

ಕಣಕದ ಅಂಟು

ಗ್ಲುಟೆನ್ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಳಿಗೆಯ ಕಣಕ ಎಳೆದಷ್ಟೂ ಹಿಗ್ಗುತ್ತದಲ್ಲ, ಆ ಹಿಗ್ಗುವ ಗುಣವೇ ಗ್ಲುಟೆನ್. ಕಣಕದ ಉಂಡೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಬಿಳಿ ಹಿಟ್ಟೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಅದು ಗೋಧಿಯ ಪ್ರೋಟೀನು. ಬಾರ್ಲಿಯಲ್ಲೂ ಇದೇ ಜಾತಿಯ ಪ್ರೋಟೀನು ಇದೆ. ಜೋಳದ ಹಿಟ್ಟಿಗೆ ಈ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಲಟ್ಟಿಸಲು ಬಾರದೆ ಕೈಯಿಂದ ಬಡಿಯಬೇಕು.

ಬಹುಪಾಲು ಜನರ ಹೊಟ್ಟೆಗೆ ಈ ಪ್ರೋಟೀನಿನಿಂದ ತೊಂದರೆ ಇಲ್ಲ. ಆದರೆ ಕೆಲವರ ದೇಹ ಇದನ್ನು ವೈರಿಯಂತೆ ಕಾಣುತ್ತದೆ. ಗೋಧಿ ಒಳಗೆ ಹೋದಾಗಲೆಲ್ಲ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ಆ ಪದರದ ಮೇಲೆ ಚಾದರದ ಜುಂಗಿನ ಹಾಗೆ ಎದ್ದಿರುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದನ್ನು ರಕ್ತಕ್ಕೆ ಸೇರಿಸುವುದು ಆ ಎಳೆಗಳ ಕೆಲಸ. ಅವೇ ಇಲ್ಲದಿದ್ದರೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಸೀಲಿಯಾಕ್ ಕಾಯಿಲೆ ಎನ್ನುತ್ತಾರೆ. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಹುಟ್ಟಿನಿಂದ ಬಂದ ಗುಣಾಣುವಿನ ಜೊತೆ ಗೋಧಿ ಸೇರಿದಾಗ ಎದ್ದೇಳುವ, ಬದುಕಿನುದ್ದಕ್ಕೂ ಇರುವ ಕಾಯಿಲೆ.

ಗೋಧಿಯೇ ಇದರ ಮೂಲ ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಮೊದಲಿನಿಂದಲೂ ಬ್ರೆಡ್ಡಿನ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭೀಕರ ಬರ ಬಿತ್ತು. ಬ್ರೆಡ್ಡು ಸಿಗದಂತಾಯಿತು. ಊರಿಗೆ ಊರೇ ಸೊರಗುತ್ತಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಇದನ್ನೆಲ್ಲ ದಾಖಲಿಸಿದರು.

ನಮ್ಮ ದೇಶದ ಲೆಕ್ಕವೂ ಇದೆ. 23 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಗೆ ಸೀಲಿಯಾಕ್ ಕಂಡುಬಂತು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದದ್ದು ಬರೀ 25 ಗ್ರಾಂ. ಗಮನಿಸಬೇಕಾದದ್ದು ಮುಂದಿನ ಅಂಕಿ. ಈ ಕಾಯಿಲೆಗೆ ದಾರಿಮಾಡಿಕೊಡುವ ಗುಣಾಣು ಉತ್ತರದಲ್ಲೂ ದಕ್ಷಿಣದಲ್ಲೂ ಹೆಚ್ಚುಕಡಿಮೆ ಸಮವಾಗಿಯೇ ಇದೆ, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಗುಣಾಣು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆದರೂ ನಮ್ಮ ಕಡೆ ಕಾಯಿಲೆ ಕಡಿಮೆ ಇದ್ದುದಕ್ಕೆ ರಕ್ತಕ್ಕಿಂತ ತಾಟೇ ಕಾರಣವಿರಬಹುದು ಎಂಬ ಊಹೆಗೆ ಇದು ಬಲ ಕೊಡುತ್ತದೆ. ಆ ತಾಟು ಈಗ ಉತ್ತರದವರ ತಾಟಿನಂತಾಗುತ್ತಿದೆ.

ನಿದ್ದೆ ಕೆಡಿಸುವ ದಾರಿಗಳು

ಸೀಲಿಯಾಕ್ ಎಂದರೆ ಭೇದಿ, ಹೊಟ್ಟೆ ಉಬ್ಬರ ಎಂದಷ್ಟೇ ತಿಳಿಯುವುದು ರೂಢಿ. ಮಕ್ಕಳಲ್ಲಿ ಹಾಗೆಯೇ ಕಾಣಿಸಿಕೊಳ್ಳುವುದು ಹೆಚ್ಚು. ಹೊಟ್ಟೆ ಡೊಳ್ಳು, ಕೈಕಾಲು ಕಡ್ಡಿ, ವಯಸ್ಸಿಗೆ ತಕ್ಕ ಎತ್ತರವಿಲ್ಲ. ‘ಜಂತ ಆಗ್ಯಾವ’ ಎಂದು ಗುಳಿಗೆ ಕೊಟ್ಟು ಸುಮ್ಮನಾಗುವ ಮನೆಗಳು ಎಷ್ಟಿಲ್ಲ. ದೊಡ್ಡವರಲ್ಲಿ ಹೊಟ್ಟೆಯ ತೊಂದರೆ ಇಲ್ಲದೆಯೂ ಇರಬಹುದು. ಸದಾ ಸುಸ್ತು, ವಾಸಿಯಾಗದ ರಕ್ತಹೀನತೆ, ಬಾಯಿ ಹುಣ್ಣು, ಮೂಳೆ ಸವೆತ, ಮೇಲಿಂದ ಮೇಲೆ ಗರ್ಭಪಾತ, ಇಷ್ಟೇ ಕಾಣಬಹುದು.

ಇದರಲ್ಲಿ ನಿದ್ದೆಗೂ ಹಗಲಿನ ಕಸುವಿಗೂ ನೇರ ಗಂಟುಬಿದ್ದಿರುವುದು ಕಬ್ಬಿಣ. ಉಂಡ ಅನ್ನದಿಂದ ಕಬ್ಬಿಣ ಹೀರುವ ಜಾಗ ಸಣ್ಣ ಕರುಳಿನ ಮೊದಲ ಭಾಗ. ಗೋಧಿಯ ಏಟು ಹೆಚ್ಚು ಬೀಳುವುದೂ ಅಲ್ಲಿಯೇ. ಹೀಗಾಗಿ ಆರು ತಿಂಗಳು ಕಬ್ಬಿಣದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರದು. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಮೈಗೆಲ್ಲ ಪ್ರಾಣವಾಯು ಸಾಲದು. ನಾಲ್ಕು ಮೆಟ್ಟಿಲು ಹತ್ತಿದರೆ ತೇಕು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ.

ರಾತ್ರಿ ಅದೇ ಕೊರತೆ ಇನ್ನೊಂದು ರೂಪದಲ್ಲಿ ಬರುತ್ತದೆ. ಹಾಸಿಗೆಗೆ ಬಿದ್ದ ಕೂಡಲೇ ಕಾಲಿನೊಳಗೆ ಏನೋ ಹರಿದಾಡಿದ ಹಾಗೆ, ಎಳೆದ ಹಾಗೆ. ‘ಕಾಲಾಗ ಇರಿವಿ ಹರದಂಗ ಆಗ್ತದ, ಒತ್ತಿದ್ರ ಸಮಾಧಾನ’ ಎನ್ನುವ ಹೆಂಗಸರು ನಮ್ಮ ಮನೆಮನೆಯಲ್ಲಿದ್ದಾರೆ. ಎದ್ದು ಅಡ್ಡಾಡಿದರೆ ಹೋಗುತ್ತದೆ, ಮಲಗಿದರೆ ಮತ್ತೆ ಶುರು. ಡಾಕ್ಟರರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರೆ. ದಣಿವಿನಿಂದ ಬಂದ ಕಾಲುನೋವು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುವವರೇ ಜಾಸ್ತಿ. ಮಿದುಳಿಗೆ ಕಬ್ಬಿಣ ಸಾಲದಿರುವುದು ಇದರ ಮುಖ್ಯ ಕಾರಣಗಳಲ್ಲಿ ಒಂದು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಲಿಯಾಕ್ ಇದ್ದವರ ಪೈಕಿ ನೂರಕ್ಕೆ 31 ಮಂದಿಗೆ ಈ ತೊಂದರೆ ಇತ್ತು. ಅವರದೇ ಮನೆಯ ಗಂಡ ಅಥವಾ ಹೆಂಡತಿಯನ್ನು ಕೇಳಿದರೆ ನೂರಕ್ಕೆ 4 ಮಾತ್ರ. ಆರು ತಿಂಗಳು ಗೋಧಿ ಬಿಟ್ಟ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಕಾಲಿನ ಕಾಟ ಕಡಿಮೆಯಾಯಿತು. ಉಳಿದರ್ಧಕ್ಕೆ ಆಗಲಿಲ್ಲ ಎನ್ನುವುದನ್ನೂ ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇದಲ್ಲದೆ ರಾತ್ರಿ ಹೊಟ್ಟೆ ಉಬ್ಬರ, ಎದ್ದೆದ್ದು ಹೊರಗೆ ಹೋಗುವುದು, ಮನಸ್ಸಿನ ಕಳವಳ, ಇವೂ ನಿದ್ದೆ ಮುರಿಯುತ್ತವೆ. ಇಟಲಿಯಲ್ಲಿ 2010ರಲ್ಲಿ ನಡೆದ ಅಧ್ಯಯನ ಸೀಲಿಯಾಕ್ ಇದ್ದವರಲ್ಲಿ ನಿದ್ದೆಯ ತೊಂದರೆ ಹೆಚ್ಚೆಂದು ತೋರಿಸಿತು. ಅದು ದಣಿವು, ಬೇಸರ, ಆತಂಕಗಳ ಜೊತೆ ಹೆಣೆದುಕೊಂಡಿತ್ತು. ಪಥ್ಯ ಮಾಡುತ್ತಿದ್ದವರ ನಿದ್ದೆಯೂ ಆರೋಗ್ಯವಂತರಷ್ಟು ಚೆನ್ನಾಗಿರಲಿಲ್ಲ. ಅಂದರೆ ಗೋಧಿ ಬಿಟ್ಟ ದಿನವೇ ಗೊರಕೆ ಹೊಡೆಯುವ ನಿದ್ದೆ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲಿ ಇಳಿಯಬಹುದು. ಕಬ್ಬಿಣದ ಉಗ್ರಾಣ ತುಂಬಲು ತಿಂಗಳುಗಳು ಬೇಕು. ದೊಡ್ಡವರ ಕರುಳಿನ ಪದರ ಪೂರ್ತಿ ಮೊದಲಿನಂತಾಗಲು ವರ್ಷ, ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು.

ಕನಸಿನ ಮಾತು

ಕನಸು ಹೆಚ್ಚಾಯಿತು ಎನ್ನುವ ಮಾತಿಗೆ ಬರೋಣ. ಜನರಿಗೆ ಇದರ ಮೇಲೆಯೇ ಕುತೂಹಲ ಜಾಸ್ತಿ. ಗ್ಲುಟೆನ್ ನೇರವಾಗಿ ಕನಸನ್ನು ಬದಲಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಹಾಗೆ ಅನ್ನಿಸುವುದಕ್ಕೆ ಕಾರಣಗಳಿವೆ.

ಕನಸು ಎಲ್ಲರಿಗೂ ದಿನಾ ಬೀಳುತ್ತವೆ. ಕಣ್ಣುಗುಡ್ಡೆ ಸರಸರ ಓಡಾಡುವ ನಿದ್ದೆಯ ಹಂತದಲ್ಲಿ ಬೀಳುವವೇ ಎದ್ದುಕಾಣುವಂಥವು. ಆ ಹಂತ ರಾತ್ರಿಯಲ್ಲಿ ನಾಲ್ಕೈದು ಸಲ ಬರುತ್ತದೆ, ಬೆಳಗಿನ ಜಾವಕ್ಕೆ ಉದ್ದವಾಗುತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಎಚ್ಚರವಾದರೆ ಮಾತ್ರ ಕನಸು ನೆನಪಿನಲ್ಲಿ ಉಳಿಯುತ್ತದೆ. ಹೊಟ್ಟೆ ಕೆಟ್ಟು ಪದೇಪದೇ ಎಚ್ಚರವಾಗುವವನಿಗೆ ಕನಸು, ಅದೂ ಕೆಟ್ಟ ಕನಸು, ಹೆಚ್ಚು ನೆನಪಿರುವುದು ಇದರಿಂದಲೇ. ಇನ್ನೊಂದು ಸಂಗತಿ ಇದರ ತಿರುವುಮುರುವು. ಬಹಳ ದಿನ ನಿದ್ದೆಗೆಟ್ಟವನಿಗೆ ಒಮ್ಮೆ ನಿದ್ದೆ ಹತ್ತಿತೆಂದರೆ ಮಿದುಳು ಹಳೆಯ ಬಾಕಿ ತೀರಿಸಿಕೊಳ್ಳುತ್ತದೆ. ಕನಸಿನ ಹಂತ ಕೆಲವು ರಾತ್ರಿ ಎಂದಿಗಿಂತ ಉದ್ದವಾಗುತ್ತದೆ. ಪಥ್ಯ ಹಿಡಿದ ಹೊಸದರಲ್ಲಿ ಸಿನಿಮಾದಂಥ ಕನಸು ಬಿದ್ದರೆ ಅದು ಗೋಧಿ ಬಿಟ್ಟಿದ್ದರ ಪವಾಡವೂ ಅಲ್ಲ, ಯಾರ ಕಾಟವೂ ಅಲ್ಲ.

ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಲ್ಲಿ ನೆನಪಾಗುತ್ತದೆ. ಊಟದಿಂದ ನಿದ್ದೆ ಬದಲಾಗುತ್ತದೆ ಎಂದವರು ಸುಮಾರು 40 ಪ್ರತಿಶತ. ಕನಸೂ ಬದಲಾಗುತ್ತದೆ ಎಂದವರು ಬರೀ ಐದೂವರೆ ಪ್ರತಿಶತ. ಕೆಟ್ಟ ಕನಸುಗಳ ಜೊತೆ ನಂಟು ಎದ್ದುಕಂಡದ್ದು ಗೋಧಿಗಲ್ಲ, ಹಾಲು ಜೀರ್ಣವಾಗದ ಗುಣಕ್ಕೆ. ಹಾಲು ಒಗ್ಗದವರಿಗೆ ರಾತ್ರಿ ಹೊಟ್ಟೆಯಲ್ಲಿ ವಾಯು, ಅದರಿಂದ ಎಚ್ಚರ, ಎಚ್ಚರದಿಂದ ಕನಸಿನ ನೆನಪು ಎಂದು ಸಂಶೋಧಕರ ಊಹೆ. ಮಲಗುವಾಗ ಒಂದು ವಾಟಿ ಹಾಲು ಕುಡಿದರೆ ನಿದ್ದೆ ಬರುತ್ತದೆ ಎನ್ನುವ ನಮ್ಮ ನಂಬಿಕೆ ಎಲ್ಲರಿಗೂ ಹೊಂದುವುದಿಲ್ಲ.

ಕಾಯಿಲೆ ಇಲ್ಲದವರಿಗೂ ಹಗುರವಾದದ್ದೇಕೆ?

ಸೀಲಿಯಾಕ್ ಇಲ್ಲದ, ಆದರೂ ಗೋಧಿ ಬಿಟ್ಟರೆ ಹೊಟ್ಟೆ ಹಗುರ ಎನ್ನುವವರ ಸಂಖ್ಯೆ ದೊಡ್ಡದು. ಅವರು ಸುಳ್ಳು ಹೇಳುತ್ತಿಲ್ಲ. ಗೋಧಿಯಲ್ಲಿ ಗ್ಲುಟೆನ್ ಅಲ್ಲದೆ ಫ್ರಕ್ಟಾನ್ ಎಂಬ ಒಂದು ಬಗೆಯ ಶರ್ಕರವೂ ಇದೆ. ಅದು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗಿಳಿದು ಅಲ್ಲಿ ಹುದುಗಿ ವಾಯು ಮಾಡುತ್ತದೆ. ನಾರ್ವೆಯಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಮಗೆ ಗ್ಲುಟೆನ್ ಆಗದು ಎಂದು ತಾವೇ ತೀರ್ಮಾನಿಸಿಕೊಂಡಿದ್ದ 59 ಮಂದಿಗೆ ಒಂದೇ ಥರ ಕಾಣುವ ಮೂರು ತಿನಿಸು ಕೊಟ್ಟರು. ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಇನ್ನೊಂದರಲ್ಲಿ ಎರಡೂ ಇಲ್ಲ. ಹೊಟ್ಟೆ ಹೆಚ್ಚು ಕೆಟ್ಟದ್ದು ಫ್ರಕ್ಟಾನಿನಿಂದ.

ಈ ಫ್ರಕ್ಟಾನ್ ಉಳ್ಳಾಗಡ್ಡಿಯಲ್ಲೂ ಬೆಳ್ಳುಳ್ಳಿಯಲ್ಲೂ ಧಾರಾಳವಾಗಿದೆ. ಚಪಾತಿ ಬಿಟ್ಟು ರೊಟ್ಟಿ ಹಿಡಿದು, ಅದರ ಜೊತೆ ಹಸಿ ಉಳ್ಳಾಗಡ್ಡಿ ಜಜ್ಜಿಕೊಂಡು ಉಣ್ಣುವವರು ‘ಗ್ಲುಟೆನ್ ಬಿಟ್ರೂ ಹೊಟ್ಟಿ ಇಳೀವಲ್ದು’ ಎಂದು ಗೊಣಗಿದರೆ ದೋಷ ರೊಟ್ಟಿಯದಲ್ಲ.

ಇನ್ನೊಂದು ಸರಳ ಕಾರಣ ಚಹಾ. ಗೋಧಿ ಬಿಟ್ಟವರು ಟೋಸ್ಟು, ಖಾರಿ, ಬಿಸ್ಕೀಟು ಬಿಡುತ್ತಾರೆ. ಅದ್ದಿ ತಿನ್ನಲು ಏನೂ ಇಲ್ಲವೆಂದ ಮೇಲೆ ಸಂಜೆಯ ಎರಡನೇ ಕಪ್ಪೂ ತಾನಾಗಿ ಹೋಗುತ್ತದೆ. ಕುಡಿದ ಚಹಾದ ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಆರು ಗಂಟೆಯ ಚಹಾ ಹನ್ನೊಂದಕ್ಕೂ ಅರ್ಧ ಎಚ್ಚರವಾಗಿರುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಅನ್ನದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಹೀಗೆ ಚಹಾ ಬಿಟ್ಟ ಪುಣ್ಯವೆಲ್ಲ ಗೋಧಿ ಬಿಟ್ಟದ್ದರ ಖಾತೆಗೆ ಜಮಾ ಆಗುತ್ತಿದೆ.

ರಾತ್ರಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಮಲಗುವ ರೂಢಿಯನ್ನೂ ಹೇಳಬೇಕು. ಹೊಲದಿಂದ ತಡವಾಗಿ ಬಂದವರು, ಸೊಲ್ಲಾಪುರದ ಮಗ್ಗದ ಪಾಳಿ ಮುಗಿಸಿ ಬಂದವರು ಹೊಟ್ಟೆ ತುಂಬ ಉಂಡು ಅಡ್ಡಾದರೆ ಹುಳಿ ತೇಗು ಎದೆಗೆ ಏರುತ್ತದೆ. ಚಪಾತಿ ಇರಲಿ, ರೊಟ್ಟಿ ಇರಲಿ, ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ತಾಸು ಬಿಡುವು ಕೊಟ್ಟರೆ ಅರ್ಧ ದೂರು ಅಲ್ಲಿಯೇ ತೀರುತ್ತದೆ.

ರೊಟ್ಟಿ ಉಂಡರೆ ರಕ್ತ ತಾನಾಗಿಯೇ ಹೆಚ್ಚುತ್ತದೆ ಎನ್ನುವುದೂ ಅರ್ಧಸತ್ಯ. ಜೋಳದಲ್ಲಿ ಕಬ್ಬಿಣವಿದೆ, ಅದನ್ನು ಹಿಡಿದಿಡುವ ಫೈಟೇಟೂ ಇದೆ. ಜೊತೆಗೆ ನಿಂಬೆಹಣ್ಣು, ಪುಂಡಿಪಲ್ಯದಂಥ ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುವುದು ಸಲೀಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇವರೆಲ್ಲರ ಸುಸ್ತಿಗೂ ಗೋಧಿ ಕಾರಣವಲ್ಲ. ಬಹುಪಾಲು ಮಂದಿಗೆ ಕಾರಣ ಸಾಲದ ಊಟ, ಮುಟ್ಟಿನ ರಕ್ತಸ್ರಾವ, ಮೇಲಿಂದ ಮೇಲೆ ಬಾಣಂತನ, ಕೊಕ್ಕೆಹುಳ. ಆದರೆ ಗುಳಿಗೆಗೂ ಜಗ್ಗದ ರಕ್ತಹೀನತೆ ಇದ್ದರೆ ಆಗ ಕರುಳಿನ ಕಡೆ ನೋಡಲೇಬೇಕು.

ಮೊದಲು ರಕ್ತಪರೀಕ್ಷೆ, ಆಮೇಲೆ ಪಥ್ಯ

ಅಪಾಯ ಇದೆ ಎಂದು ಮೇಲೆ ಹೇಳಿದ್ದು ಇದನ್ನೇ. ಸೀಲಿಯಾಕ್ ಪತ್ತೆ ಮಾಡುವ ಮೊದಲ ಪರೀಕ್ಷೆ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ. ಗೋಧಿ ತಿನ್ನುತ್ತಿರುವಾಗ ಮಾತ್ರ ಅದು ನಿಜ ಹೇಳುತ್ತದೆ. ಗೋಧಿ ಬಿಟ್ಟು ಕೆಲವು ತಿಂಗಳಾದರೆ ರಕ್ತದಲ್ಲಿನ ಸುಳಿವು ಅಳಿಸಿಹೋಗುತ್ತ ಬರುತ್ತದೆ. ಕರುಳೂ ಮಾಗತೊಡಗುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದರೆ ‘ಏನೂ ಇಲ್ಲ’ ಎಂದು ಬರಬಹುದು. ಮನೆಯವರು ನಿಶ್ಚಿಂತರಾಗಿ ಮದುವೆಯಲ್ಲಿ ಹುಗ್ಗಿ, ಹಬ್ಬಕ್ಕೆ ಹೋಳಿಗೆ ಎಂದು ಮತ್ತೆ ಶುರುಮಾಡುತ್ತಾರೆ. ಕಾಯಿಲೆ ಒಳಗೊಳಗೇ ಮುಂದುವರಿಯುತ್ತದೆ.

ಈಗಾಗಲೇ ಬಿಟ್ಟವರು ಪರೀಕ್ಷೆಗೆ ಮೊದಲು ವೈದ್ಯರ ಸಲಹೆಯಂತೆ ಕೆಲವು ವಾರ ದಿನವೂ ಗೋಧಿ ತಿನ್ನಬೇಕಾಗುತ್ತದೆ. ಬಿಟ್ಟು ಸುಖವಾಗಿದ್ದವರಿಗೆ ಇದು ಕಷ್ಟದ ಕೆಲಸ. ಅದಕ್ಕೇ ಬಿಡುವ ಮೊದಲೇ ಪರೀಕ್ಷೆ ಮುಗಿಸುವುದು ಜಾಣತನ. ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ನೋಡಿಸಬೇಕು. ಕೆಲವರ ಮೈಯಲ್ಲಿ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ, ಅಂಥವರಿಗೆ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ. ರಕ್ತದಲ್ಲಿ ಸುಳಿವು ಸಿಕ್ಕರೆ ಬಾಯಿಯಿಂದ ದುರ್ಬೀನು ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ಖಚಿತಪಡಿಸಿಕೊಳ್ಳುವುದು ಸಾಮಾನ್ಯ ಕ್ರಮ. ಸೊಲ್ಲಾಪುರ, ಮೀರಜ, ವಿಜಯಪುರ, ಕಲಬುರಗಿ ನಾಲ್ಕೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಬಹುದು.

ಮನೆಯಲ್ಲಿ ಒಬ್ಬರಿಗೆ ಇದ್ದರೆ ತಂದೆತಾಯಿ, ಮಕ್ಕಳು, ಅಣ್ಣತಮ್ಮ ಅಕ್ಕತಂಗಿಯರಿಗೂ ಪರೀಕ್ಷೆ ಬೇಕು. ಅವರಿಗೆ ಬರುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು. ಚಿಕ್ಕವಯಸ್ಸಿನ ಸಕ್ಕರೆ ಕಾಯಿಲೆ ಇರುವ ಮಕ್ಕಳಲ್ಲೂ, ಥೈರಾಯ್ಡ್ ತೊಂದರೆ ಇರುವವರಲ್ಲೂ ಇದು ಹೆಚ್ಚಾಗಿ ಕಾಣುತ್ತದೆ. ಕಾಲಿನ ಕಾಟದಿಂದ ನಿದ್ದೆಗೆಡುವವರು ಫೆರಿಟಿನ್ ಪರೀಕ್ಷೆ ಮಾಡಿಸಲಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರಬಹುದು. ರಾತ್ರಿ ಜೋರು ಗೊರಕೆ, ನಡುವೆ ಉಸಿರುಕಟ್ಟಿ ದಿಗ್ಗನೆ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೂ ಚಪಾತಿಗೂ ಸಂಬಂಧವಿಲ್ಲ.

ಗಿರಣಿಯಲ್ಲಿ ಬೆರೆಯುವ ಗೋಧಿ

ಕಾಯಿಲೆ ಖಚಿತವಾದವರಿಗೆ ಪಥ್ಯವೇ ಔಷಧಿ, ಬೇರೆ ಗುಳಿಗೆ ಇಲ್ಲ. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ಇದು ದಿಲ್ಲಿ, ಪಂಜಾಬದವರಷ್ಟು ಕಷ್ಟವಲ್ಲ. ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ ಗ್ಲುಟೆನ್ ಫ್ರೀ ಬಿಸ್ಕೀಟು ನಮಗೆ ಬೇಕಿಲ್ಲ. ರೊಟ್ಟಿ, ಸಜ್ಜಿ ರೊಟ್ಟಿ, ಜೋಳದ ನುಚ್ಚು, ಅಂಬಲಿ, ಚಳಿಗಾಲದಲ್ಲಿ ಸೀತನಿ, ಶೇಂಗಾ ಹಿಂಡಿ, ಯಾವುದಕ್ಕೂ ಚೀಟಿ ಅಂಟಿಸಬೇಕಿಲ್ಲ.

ತೊಡಕು ಇರುವುದು ಊರ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಮೊದಲ ಒಂದೆರಡು ಕಿಲೋ ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಸೀಲಿಯಾಕ್ ಇದ್ದವರಿಗೆ ಚಿಟಿಕೆ ಗೋಧಿಯೂ ಹೆಚ್ಚು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಇಲ್ಲ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಗಿರಣಿಯ ಕಲ್ಲಿಗೆ ಅಂಟಿದ ಹಿಟ್ಟು ಅದನ್ನು ಸುಲಭವಾಗಿ ದಾಟುತ್ತದೆ. ಜೋಳಕ್ಕೇ ಬೇರೆ ಕಲ್ಲಿರುವ ಗಿರಣಿ ಹುಡುಕುವುದು ಒಳ್ಳೆಯದು. ಇಲ್ಲವೆಂದರೆ ಮನೆಯಲ್ಲೊಂದು ಚಿಕ್ಕ ವಿದ್ಯುತ್ ಗಿರಣಿ, ಅದರಲ್ಲಿ ಗೋಧಿ ಹಾಕಲೇಬಾರದು. ಅಜ್ಜಿಯ ಬೀಸುಕಲ್ಲು ಅಟ್ಟದ ಮೇಲಿದ್ದರೆ ಅದನ್ನು ಇಳಿಸಲೂ ಅಡ್ಡಿಯಿಲ್ಲ. ಚಪಾತಿ ಲಟ್ಟಿಸುವ ಮಣೆ, ಲಟ್ಟಣಿಗೆ, ಹಂಚು ಬೇರೆ ಇರಲಿ.

ಎರಡನೆಯದು ಇಂಗು. ಡಬ್ಬಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ. ಹಿಟ್ಟು ಹಲವು ಸಲ ಮೈದಾ, ಕೆಲವು ಸಲ ಅಕ್ಕಿಯದು. ಒಗ್ಗರಣೆಗೆ ಹಾಕುವ ಚಿಟಿಕೆಯಲ್ಲಿ ಪಥ್ಯ ಮುರಿಯುವುದು ಹೀಗೆ. ಡಬ್ಬಿಯ ಹಿಂದಿನ ಅಕ್ಷರ ಓದಿ ಕೊಳ್ಳಬೇಕು. ಉಪ್ಪಿನಕಾಯಿ, ಸಾಂಬಾರು ಪುಡಿ, ಹಪ್ಪಳದಲ್ಲೂ ಇದೇ ಇಂಗು ಇರುತ್ತದೆ.

ಮೂರನೆಯದು ಖಪಲಿ. ‘ಹಳೇ ಕಾಲದ ಗೋಧಿ, ಇದರಾಗ ಗ್ಲುಟೆನ್ ಇಲ್ಲ’ ಎಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಖಪಲಿ, ಸದಕ ಯಾವ ಹೆಸರಿನಿಂದ ಕರೆದರೂ ಅದು ಗೋಧಿಯೇ. ಗ್ಲುಟೆನ್ ಇದ್ದೇ ಇದೆ. ಆರೋಗ್ಯವಂತರು ಸಂತೋಷವಾಗಿ ಹುಗ್ಗಿ ಮಾಡಿ ಉಣ್ಣಲಿ, ಸೀಲಿಯಾಕ್ ಇದ್ದವರು ದೂರ ಇರಲಿ. ರವೆ, ಶ್ಯಾವಿಗೆ, ಮಾದಲಿ, ಗೋಧಿ ನುಚ್ಚು ಎಲ್ಲಕ್ಕೂ ಇದೇ ಮಾತು. ಜಾತ್ರೆಯ ಪ್ರಸಾದ ಬೇಡ ಎನ್ನುವುದು ನಮ್ಮ ಜನಕ್ಕೆ ನಾಲಿಗೆಯ ತುದಿಗೆ ಬಾರದ ಮಾತು. ಮನೆಯ ಹಿರಿಯರು ಮುಂದೆ ನಿಂತು ‘ಕೂಸಿಗೆ ಗೋಧಿ ಆಗೂದಿಲ್ಲ, ಹಣ್ಣು ಕೊಡ್ರಿ’ ಎಂದರೆ ಮಗುವಿಗೆ ಬೇಸರವಾಗದು.

ಗಡಿಯಲ್ಲಿ ಇರುವವರಿಗೆ ಭಾಷೆಯ ಒಂದು ಪೇಚೂ ಇದೆ. ಅಂಗಡಿ, ಖಾನಾವಳಿ, ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಅಲ್ಲಿಯ ಮಾತಿನಲ್ಲಿ. ಗೋಧಿಗೆ ಮರಾಠಿಯಲ್ಲಿ ಗಹೂ, ತೆಲುಗಿನಲ್ಲಿ ಗೋಧುಮ, ತಮಿಳಿನಲ್ಲಿ ಕೋದುಮೈ, ಮಲಯಾಳದಲ್ಲಿ ಗೋದಂಬ್. ಇಂಗಿಗೆ ಮರಾಠಿಯವರು ಹಿಂಗ, ತೆಲುಗರು ಇಂಗುವ, ತಮಿಳರು ಪೆರುಂಗಾಯಂ, ಮಲಯಾಳಿಗಳು ಕಾಯಂ ಎನ್ನುತ್ತಾರೆ. ಶಾಲೆಗೆ ಹೋಗುವ ಮಗುವಿಗೆ ಕಾಯಿಲೆ ಇದ್ದರೆ ಈ ಎರಡು ಶಬ್ದಗಳನ್ನು ಅಲ್ಲಿನ ಲಿಪಿಯಲ್ಲೇ ಬರೆದ ಒಂದು ಚೀಟಿಯನ್ನು ಪಾಟಿಚೀಲದಲ್ಲಿ ಇಟ್ಟು, ಬಿಸಿಯೂಟ ಬಡಿಸುವ ತಾಯಂದಿರಿಗೆ ಒಮ್ಮೆ ತೋರಿಸಿ ಬರಬೇಕು.